ಗಾಳಿಯಲ್ಲಿ ನಿಂತ ಮುಖ

೨೦೦೩ರ ಜನವರಿ ೧೯, ಭಾನುವಾರ, ಬೆಳಗ್ಗೆ ಹತ್ತೂವರೆ. ಹೆತ್ತೂರಿನ ಹತ್ತಿರ, ಕಾಫಿ ಬೀಜ ತುಂಬಿಡುವ ನಮ್ಮ ಸ್ಟೋರಿನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿಕೊಂಡಿದ್ದೆ.

ಕಾಫಿ ತೂರುವ ಹಳೆಯ ಯಂತ್ರದ ಫ್ಯಾನನ್ನು ಬಿಚ್ಚಿ, ನಾಲ್ಕು ತಗಡಿನ ರೆಕ್ಕೆಗಳಿಗೂ ಸುಣ್ಣ ಬಳಿದು, ಹೊಲಿಗೆ ಯಂತ್ರದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದೆ. ಪೆಡಲ್ ತುಳಿದರೆ ರೆಕ್ಕೆ ತಿರುಗುತ್ತಿತ್ತು. ಎದುರಿಗೆ, ಫಿಲ್ಮಿನ ಚಿತ್ರವನ್ನು ರೆಕ್ಕೆಗಳ ಮೇಲೆ ಬೆಳಕಾಗಿ ಬೀರುವ ಸ್ಲೈಡ್ ಪ್ರೊಜೆಕ್ಟರ್. ಪಕ್ಕದ ಎಸ್ಟೇಟಿನ ಬಂಗಲೆ ಖಾಲಿಯಾದಾಗ ಒಂದು ಡಬ್ಬಿ ಸ್ಲೈಡ್ ಸಮೇತ ಗುಜರಿಗೆ ಹೊರಟಿದ್ದನ್ನು ನಾನು ತಂದಿದ್ದೆ. ರೆಕ್ಕೆ ನಿಂತಿದ್ದರೆ ಏನೂ ತಿಳಿಯದು. ಜೋರಾಗಿ ತಿರುಗಿದರೆ ಇಡೀ ಚಿತ್ರ ಗಾಳಿಯಲ್ಲಿ ನಿಲ್ಲುತ್ತಿತ್ತು. ನಾನದನ್ನು ಶಿಲ್ಪ ಎನ್ನುತ್ತಿದ್ದೆ. ಮೂವತ್ತೊಂದು ಸ್ಲೈಡ್ ನೋಡಿ, ಎಲ್ಲಕ್ಕಿಂತ ಸ್ಪಷ್ಟವಾಗಿದ್ದುದನ್ನು ಆರಿಸಿದ್ದೆ: ಜೀಪಿಗೆ ಒರಗಿ ನಗುತ್ತಿದ್ದ ಡ್ರೈವರ್. ಯಾರೆಂದು ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲೇ ಇರುವ ಚಿಕ್ಕಮ್ಮ, ಅಂದರೆ ಅವ್ವನ ತಂಗಿ, ಕಾಫಿ ತಂದಳು.

"ಫ್ಯಾನಿಗೆ ಸುಣ್ಣ ಹೊಡ್ದು ಮದ್ವೆ ಮಾಡ್ತೀಯೇನ್ ಮಾರಾಯ?"

"ನೋಡು ಚಿಕ್ಕಮ್ಮ," ಎಂದು ತುಳಿದೆ.

ಮುಖ ನಿಂತಿತು. ಲೋಟ ಬಿತ್ತು.

"ಇನ್ನೂ ನಗ್ತೀಯೇನೋ, ಹಾಳಾದವ್ನೆ!"

ಅದು ಅವಳ ಗಂಡ. ಆ ಎಸ್ಟೇಟಿನ ಜೀಪು ಓಡಿಸುತ್ತಿದ್ದು, ನಾನು ಹುಟ್ಟಿದ ವರ್ಷ ಬಿಟ್ಟುಹೋದವನು. ಅವನ ಒಂದು ಫೋಟೊ ಕೂಡ ಮನೆಯಲ್ಲಿ ಉಳಿಸಿರಲಿಲ್ಲ. ಅವನು ಮುರಿದಿದ್ದ ಅವಳ ಬಲಗೈ ಇಂದಿಗೂ ಸೊಟ್ಟ.

ಮೂಲೆಯ ಬಿದಿರು ಕೋಲನ್ನು ಆ ಕೈಯಲ್ಲೇ ಎತ್ತಿ ಬೀಸಿದಳು. ಒಂದು ರೆಕ್ಕೆ ಕಿತ್ತು ಹಾರಿ ನನ್ನ ಹುಬ್ಬು ಸೀಳಿತು. ಮತ್ತೊಂದು ಏಟಿಗೆ ಫ್ಯಾನೇ ಸ್ಟ್ಯಾಂಡಿನಿಂದ ಉರುಳಿತು. ಮುಖ ಮಾಯ. ಆದರೆ ಅವಳ ಕೋಲು ಬೆಳಕನ್ನು ಸೀಳಿದಾಗ ಅದರ ಮೇಲೆಯೇ ಒಂದು ಕಣ್ಣು ಹೊಳೆಯಿತು. ಮತ್ತೆ ಬೀಸಿದಳು, ಹಲ್ಲು. ಮತ್ತೆ, ಮೀಸೆ. ಏಟು ಬಿರುಸಾದಷ್ಟೂ ಅವನು ಪೂರ್ತಿಯಾಗಿ ಮೂಡಿ, ನಗುತ್ತಲೇ ಇದ್ದ. ಏಟು ಎಣಿಸುತ್ತಿದ್ದೆ, ಹದಿನೇಳರ ನಂತರ ಕಣ್ಣಿಗೆ ರಕ್ತ ಇಳಿಯಿತು.

"ಹೊಡೀಬೇಡ ಚಿಕ್ಕಮ್ಮ! ನೀನು ಹೊಡೆದಷ್ಟೂ ಅವನು ಕಾಣ್ತಾನೆ!"

ಕೋಲು ನಿಂತಿತು. ಬೆಳಕಿನಲ್ಲಿ ಬರೀ ಧೂಳು.

"ಹೋದ್ನಾ?"

"ಹೋದ."

"ಎಲ್ಲಿದ್ದ ಅವ್ನು? ತೋರ್ಸು."

ಸ್ಲೈಡ್ ತೆಗೆದು ಅವಳ ಅಂಗೈಯಲ್ಲಿಟ್ಟೆ. ಬೆರಳುಗುರಿನಷ್ಟು ಮುಖ. ಜಜ್ಜಿಬಿಡುತ್ತಾಳೆಂದುಕೊಂಡೆ. ಸೆರಗಿನಲ್ಲಿ ಒರೆಸಿ ವಾಪಸು ಕೊಟ್ಟಳು.

"ಇಟ್ಕೊ. ಗುರ್ತಿಗೆ ಬೇಕಾಯ್ತದೆ. ಸತ್ನೋ ಇದ್ದಾನೋ ಗೊತ್ತಾಗೋವರ್ಗೂ ನಂಗೆ ನಿದ್ದೆ ಇಲ್ಲ ಕಣೋ."

ನನ್ನ ಹುಬ್ಬಿಗೆ ಐದು ಹೊಲಿಗೆ ಬಿತ್ತು. ಅಂದು ರಾತ್ರಿಯೂ ಅವಳು ಎಂದಿನಂತೆ ತನ್ನ ಕೋಣೆಯ ಬಾಗಿಲಿಗೆ ಒನಕೆ ಅಡ್ಡ ಕೊಟ್ಟು ಮಲಗಿದಳು.

ಬಿಟ್ಟುಹೋದ ದಿನ ಅವನು ಯಸಳೂರಿನಲ್ಲಿ ಸಕಲೇಶಪುರದ ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ, ಇಳಿದದ್ದನ್ನು ಕಂಡವರಿಲ್ಲ. ಸ್ಲೈಡಿನಲ್ಲಿ ಎರಡು ಕಿವಿಯೂ ಸರಿಯಾಗಿವೆ. ಈಗ ಎಡಗಿವಿಯ ತುದಿ ಇರುವುದಿಲ್ಲ. ಅವನು ಕತ್ತು ಹಿಸುಕುತ್ತಿದ್ದಾಗ ಚಿಕ್ಕಮ್ಮ ಕಚ್ಚಿ ತೆಗೆದಿದ್ದಾಳೆ. ಅಂಥವನನ್ನು ಕಂಡವರು, ಸುಟ್ಟವರು, ಹೂತವರು ಯಾರಾದರೂ ಇದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಬದುಕಿದ್ದರೆ, ನಾವು ಕೇಳಿದೆವೆಂದು ಅವನಿಗೆ ಹೇಳಬೇಡಿ.