ಎದ್ದು ಹಾರಿದ ಮರಳದಂಡೆ

ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ ಬೋಟ್ ನಿಲ್ಲುವ ಕಟ್ಟೆ ಕಟ್ಟಲು ಗರಸು ಮಣ್ಣು ತಂದಿದ್ದೆ. ಸುರಿಯಲೆಂದು ಟ್ರ್ಯಾಕ್ಟರಿನ ಟ್ರಾಲಿ ಎತ್ತಿದ್ದೇ ತಡ, ಹಿಂದಿದ್ದ ಖಾಲಿ ಮರಳದಂಡೆಯೇ ಎದ್ದು ಹಾರಿತು! ಮರಳಿನದೇ ಬಣ್ಣದ ನೂರಾರು ಹಕ್ಕಿಗಳು. ಆಕಾಶವೆಲ್ಲ ಅವುಗಳ ಚೀರಾಟ.

ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಓಡಿಬಂದಳು: “ಅಣ್ಣಾರ, ಸುರವಬ್ಯಾಡ್ರಿ! ನೆಲದ ತುಂಬ ತತ್ತಿ ಅದಾವ್ರಿ.”

ಟ್ರಾಲಿ ಇಳಿಸಿ, ಕೆಲಸ ಮಾಡಿಸಲು ಬಂದಿದ್ದ ಎಂಜಿನಿಯರ್ ಸಾಹೇಬರ ಜೊತೆ ಹೋಗಿ ನೋಡಿದೆ. ಹರಳುಕಲ್ಲು ಅಂದುಕೊಂಡಿದ್ದೆಲ್ಲ ಚುಕ್ಕಿ ಚುಕ್ಕಿಯ ತತ್ತಿಗಳು! ಮುಂದೆ ಕಾಲಿಡಲು ಜಾಗವಿಲ್ಲ. ಸಾಹೇಬರು ದೂರದ ಕಲ್ಲುನೆಲದತ್ತ ಕೈ ತೋರಿಸಿದರು:

“ಗಾಡಿ ತಿರುಗಸಪ್ಪಾ. ಕಟ್ಟಿ ಆ ಕಲ್ಲನೆಲದ ಕಡೆ ಕಟ್ಟೂಣು. ಮರಿ ಹಾರೂತನಕ ಇಲ್ಲಿ ಯಾರೂ ಬರೂದ ಬ್ಯಾಡ.”

ಬಂದ ಹೆಜ್ಜೆಗಳ ಮೇಲೆಯೇ ಹೆಜ್ಜೆಯಿಟ್ಟು ಹಿಂದಿರುಗಿದೆವು.

ಕಟ್ಟೆ ಯಾಕಿಷ್ಟು ದೂರ ಎಂದು ಬೋಟ್ ಹತ್ತುವವರು ಈಗಲೂ ಗೊಣಗುತ್ತಾರೆ. ನನಗೋ, ಅಂದಿನಿಂದ ಯಾವ ನೆಲವನ್ನೂ ಖಾಲಿ ಅನ್ನಲು ನಾಲಿಗೆ ಏಳುವುದಿಲ್ಲ.