ನಡೀನ್ ಹಾಕಿದ ಹನ್ನೊಂದು ದಿನದ ದಾರಿ

ನಮ್ಮೂರಿನಿಂದ ಕಾರು ಹತ್ತಿ ಪಶ್ಚಿಮಕ್ಕೆ ಹೊರಟವರಲ್ಲಿ ನಡೀನ್ ಪಿಕಾರ್ಡ್ ಅವರ ಮೇಜಿನ ಮುಂದೆ ಒಮ್ಮೆ ಕೂರದೆ ಹೋದವರು ಬಹುಶಃ ಇಲ್ಲ. ಇಂಡಿಯಾನಾದ ನಮ್ಮ ಪುಟ್ಟ ಊರಿನಲ್ಲಿ, ಕೋರ್ಟಿನ ಎದುರು ಬೀದಿಯಲ್ಲಿ, ಕಾರು ಇಟ್ಟುಕೊಂಡವರ ಸಂಘದ ಕಚೇರಿಯಿತ್ತು. ಅದರ ಒಂದು ಬದಿಯಲ್ಲಿ ನಡೀನ್ ಕೂತು ಜನರಿಗೆ ದಾರಿ ಹಾಕಿಕೊಡುತ್ತಿದ್ದರು. ಇನ್ನೊಂದು ಬದಿಯಲ್ಲಿ ನಾನು ಕೂತು, ಆ ದಾರಿಯಲ್ಲಿ ಅವರಿಗೆ ಏನೇನು ಅನಾಹುತ ಆಗಬಹುದು ಎಂದು ಹೆದರಿಸಿ ವಿಮೆ ಮಾರುತ್ತಿದ್ದೆ. ಅವರ ಮುಂದೆ ಸದಾ ಸರದಿ. ನನ್ನ ಮುಂದಿನ ಕುರ್ಚಿಯಲ್ಲಿ ಸರದಿಯವರ ಕೋಟುಗಳು.

ದಾರಿ ಹಾಕುವುದೆಂದರೆ ಹೀಗೆ. ನೀವು ಡೆನ್ವರಿಗೆ ಹೋಗಬೇಕು ಎಂದರೆ, ನಡೀನ್ ಬೆನ್ನ ಹಿಂದಿನ ಗೂಡುಗಳಿಂದ ಅಂಗೈಯಗಲದ ನಕ್ಷೆಯ ಹಾಳೆಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದರು. ಒಂದೊಂದು ಹಾಳೆಗೆ ನೂರು ಮೈಲಿ. ಕಿತ್ತಳೆ ಬಣ್ಣದ ಪೆನ್ನಿನಿಂದ ನೀವು ಹೋಗಬೇಕಾದ ರಸ್ತೆಯ ಮೇಲೆ ಗೆರೆ ಎಳೆದು, ರಸ್ತೆ ಅಗೆದಿರುವ ಕಡೆ ಮುದ್ರೆ ಒತ್ತಿ, ಎಲ್ಲವನ್ನೂ ಸುರುಳಿ ತಂತಿ ಹಾಕಿ ಹೊಲಿದು ಕೈಗಿಡುತ್ತಿದ್ದರು. ಜೊತೆಗೆ ಬಾಯಿಮಾತಿನ ಸಲಹೆ ಪುಕ್ಕಟೆ.

"ಅಮರಿಲ್ಲೋದಲ್ಲಿ ಹಿಂದಿನ ಸಾಲಿನ ಕೋಣೆ ಕೇಳಿ. ಮುಂದಿನ ಸಾಲು ತಗೊಂಡ್ರೆ ಐಸ್ ಮೆಷೀನು ರಾತ್ರಿಯೆಲ್ಲ ಕೆಮ್ಮುತ್ತೆ."

"ನೀವು ಅಲ್ಲಿ ಇಳ್ಕೊಂಡಿದ್ರಾ ಮೇಡಂ?"

"ಇಲ್ಲಪ್ಪ. ಅದು ಕೆಮ್ಮೋದು ಊರಿಗೆಲ್ಲ ಗೊತ್ತು."

ಮೂವತ್ತೊಂದು ವರ್ಷ ಹೀಗೆ ಊರಿನವರನ್ನೆಲ್ಲ ದೇಶದ ಮೂಲೆಮೂಲೆಗೆ ಕಳಿಸಿದ ನಡೀನ್, ತಾವು ಮಾತ್ರ ಸೇಂಟ್ ಲೂಯಿಸ್ ದಾಟಿದವರಲ್ಲ. ಅಲ್ಲಿಯವರೆಗೆ ಹೋದದ್ದೂ ನಾದಿನಿಯ ಮದುವೆಗೆ. ಹೆದ್ದಾರಿಯಲ್ಲಿ ಕಾರು ಓಡಿಸುವುದೆಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ಟ್ರಕ್ಕುಗಳು ಪಕ್ಕದಲ್ಲಿ ಬಂದರೆ ಕಣ್ಣು ಮುಚ್ಚುತ್ತೇನೆ, ಅದೊಂದು ದುರಭ್ಯಾಸ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳಿದ ಮೇಲೆ ಅವರ ಕಾರಿನ ವಿಮೆ ನವೀಕರಿಸುವಾಗಲೆಲ್ಲ ನಾನು ಕಾಗದವನ್ನು ಎರಡೆರಡು ಸಲ ಓದುತ್ತಿದ್ದೆ.

ಓಡಿಸುವವರು ಗಂಡ ಆರ್ಲೋ. ಅವರು ಮೂವತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿ ಎರಡು ವರ್ಷದ ಹಿಂದೆ ನಿವೃತ್ತರಾದವರು. ಬೆಳಿಗ್ಗೆ ಇಪ್ಪತ್ತೆರಡು ಮೈಲಿ, ಮಧ್ಯಾಹ್ನ ಅದೇ ಇಪ್ಪತ್ತೆರಡು ಮೈಲಿ ತಿರುಗಿಸಿ. ಒಂದು ಗೀರು ಇಲ್ಲ, ಒಂದು ದಂಡ ಇಲ್ಲ. ನಾನೂ ಆ ಬಸ್ಸಿನಲ್ಲಿ ಬೆಳೆದವನೇ. ನಲವತ್ತಾರು ದಾಟಿದ ಮೇಲೂ ಅವರನ್ನು ಕಂಡರೆ ನನ್ನ ಬಾಯಿಂದ "ಮಿಸ್ಟರ್ ಪಿಕಾರ್ಡ್" ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ.

ಆ ಮನುಷ್ಯನಿಗೆ ಒಂದೇ ಒಂದು ಆಸೆ ಇತ್ತು, ಅರಿಜೋನಾದ ಮಹಾಕಣಿವೆಯನ್ನು ನೋಡಬೇಕು ಎಂದು. "ಒಂದು ಗುಂಡಿ ಅಷ್ಟು ದೊಡ್ಡದು ಹೆಂಗಾಯ್ತು ಅಂತ ಕಣ್ಣಾರೆ ನೋಡ್ಬೇಕು. ನಮ್ಮ ಜಿಲ್ಲೆಯ ರಸ್ತೆ ಇಲಾಖೆಯೋರು ಅಲ್ಲಿಗೂ ಹೋಗಿದ್ರೋ ಏನೋ" ಎನ್ನುತ್ತಿದ್ದರು. ಬಸ್ಸು ಇರುವಾಗ ರಜೆ ಸಿಗಲಿಲ್ಲ. ರಜೆ ಸಿಕ್ಕಾಗ ನಡೀನ್ ಬೇಡವೆಂದರು, ಬೇಸಿಗೆಯಲ್ಲಿ ಕೋಣೆಗಳೆಲ್ಲ ದುಬಾರಿ, ಸೆಪ್ಟೆಂಬರಿನ ಕಾರ್ಮಿಕರ ದಿನ ಕಳೆದ ಮೇಲೆ ಅರ್ಧ ಬೆಲೆಗೆ ಸಿಗುತ್ತವೆ ಎಂದು. ಕಾರ್ಮಿಕರ ದಿನ ಕಳೆದೊಡನೆ ಶಾಲೆ ಶುರು. ಹೀಗೆ ಮೂರು ದಶಕ.

ಬಸ್ಸು ಬಿಟ್ಟೊಡನೆ ಆರ್ಲೋ ಅವರ ಕಣ್ಣು ಹೋಗತೊಡಗಿತು. ಆ ವರ್ಷ ವಸಂತದಲ್ಲಿ ಲೈಸೆನ್ಸ್ ನವೀಕರಿಸಲು ಹೋದಾಗ ಗೋಡೆಯ ಮೇಲಿನ ಅಕ್ಷರಗಳ ಎರಡನೇ ಸಾಲಿನಲ್ಲೇ ನಿಂತರು. ಅಲ್ಲಿನವರು ಲೈಸೆನ್ಸ್ ತೆಗೆದುಕೊಂಡು, ಅದರ ಬದಲು ಭಾವಚಿತ್ರವಿರುವ ಗುರುತಿನ ಚೀಟಿ ಕೊಟ್ಟು ಕಳಿಸಿದರು. ಡಾಕ್ಟರು ನಡೀನ್ ಅವರನ್ನು ಪಕ್ಕಕ್ಕೆ ಕರೆದು, "ಏನಾದ್ರೂ ನೋಡೋದಿದ್ರೆ ಈ ಚಳಿಗಾಲಕ್ಕೆ ಮೊದಲು ತೋರಿಸಿಬಿಡಿ. ಮುಂದಿನ ವರ್ಷಕ್ಕೆ ಬೆಳಕು ಕತ್ತಲೆ ಗೊತ್ತಾದರೆ ಹೆಚ್ಚು" ಎಂದರು.

ಈ ವಿಷಯ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಆರ್ಲೋ ದಿನಾ ಬೆಳಿಗ್ಗೆ ಮನೆಮುಂದೆ ನಿಂತ ಕಾರಿನಲ್ಲಿ ಕೂತು ಇಂಜಿನು ಚಾಲೂ ಮಾಡಿ, ಹತ್ತು ನಿಮಿಷ ಬಿಟ್ಟು ಆರಿಸಿ ಒಳಗೆ ಬರುತ್ತಿದ್ದರು. ಬ್ಯಾಟರಿ ಕೆಡಬಾರದಲ್ಲ, ಅದಕ್ಕೆ.

ನಡೀನ್ ಸೆಪ್ಟೆಂಬರಿಗೆಂದು ತಮಗಾಗಿ ದಾರಿ ಹಾಕಲು ಕೂತರು. ಹನ್ನೊಂದು ದಿನ. ದಾರಿಯಲ್ಲಿ ಆರು ರಾತ್ರಿಗೆ ಆರು ಮೋಟೆಲು, ಕಣಿವೆಯ ಅಂಚಿನ ವಸತಿಗೃಹದಲ್ಲಿ ಮೂರು ರಾತ್ರಿ, ಬಾಡಿಗೆ ಕಾರನ್ನು ಅಲ್ಲೇ ಹತ್ತಿರದ ಊರಿನಲ್ಲಿ ಬಿಟ್ಟು ರೈಲಿನಲ್ಲಿ ವಾಪಸು. ಮನೆಯ ಕಾರು ಅಷ್ಟು ದೂರಕ್ಕೆ ಉಸಿರು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಪ್ರತಿ ಮೋಟೆಲಿಗೂ ಖುದ್ದು ಫೋನು ಮಾಡಿ, ಮೆಟ್ಟಿಲು ಎಷ್ಟು, ದೀಪ ಎಲ್ಲಿ, ಸ್ನಾನದ ಕೋಣೆಯ ಹೊಸಿಲು ಎತ್ತರವೋ ತಗ್ಗೋ ಎಂದು ವಿಚಾರಿಸಿದರು. ಬೇರೆಯವರ ದಾರಿಗೆ ಅರ್ಧ ಗಂಟೆ ಸಾಕಾಗುತ್ತಿದ್ದವರಿಗೆ ತಮ್ಮ ದಾರಿಗೆ ಒಂದೂವರೆ ತಿಂಗಳು ಹಿಡಿಯಿತು.

ಒಂದು ದಿನ ನನ್ನ ಮೇಜಿಗೆ ಬಂದರು. "ಡೇಲ್, ನಿಂಗೆ ಎರಡು ವಾರ ರಜೆ ಸಿಗುತ್ತಾ?"

"ನಾನು ರಜೆ ಹಾಕಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ ಅನ್ಕೊಂಡಿದೀರಾ?"

"ಅದಕ್ಕೇ ನಿನ್ನ ಕೇಳಿದ್ದು. ನೀನೇ ಓಡಿಸ್ಬೇಕು."

"ಮಿಸ್ಟರ್ ಪಿಕಾರ್ಡ್ ಏನಂತಾರೆ?"

"ನೀನು ಜೊತೆಗೆ ಬರ್ತೀಯ ಅಂದಿದೀನಿ. ಅವರಿಗೆ ಸುಸ್ತಾದಾಗ ಒಂಚೂರು ಕೈ ಕೊಡ್ತೀಯ ಅಂತ."

"ಅವರಿಗೆ ಯಾವಾಗ ಸುಸ್ತಾಗುತ್ತೆ?"

"ಕಾರು ಹೊರಡೋದಕ್ಕಿಂತ ಮುಂಚೆ" ಎಂದರು ನಡೀನ್. ನಗಲಿಲ್ಲ.

ಕಾರನ್ನು ನಡೀನ್, ಆರ್ಲೋ ಅವರ ಹೆಸರಿನಲ್ಲೇ ಕಾದಿರಿಸಿದ್ದರು. ಅದು ನನಗೆ ಗೊತ್ತಾದದ್ದು ಹೊರಡುವ ದಿನ. ಬಾಡಿಗೆ ಕಾರಿನ ಕಾಗದದಲ್ಲಿ ಯಾರ ಹೆಸರಿದೆಯೋ ಅವರದೇ ಲೈಸೆನ್ಸ್, ಅವರದೇ ಕ್ರೆಡಿಟ್ ಕಾರ್ಡು ಬೇಕು ಎಂದು ಮೂವತ್ತೊಂದು ವರ್ಷ ಎಲ್ಲರಿಗೂ ಬೆರಳೆತ್ತಿ ಹೇಳಿದವರು ಇವರೇ. ಆದರೆ ಆ ಮನೆಯಲ್ಲಿ ಚಕ್ರ ಇರುವ ವಸ್ತುವೆಲ್ಲ ಆರ್ಲೋ ಹೆಸರಿನಲ್ಲಿತ್ತು, ಹುಲ್ಲು ಕತ್ತರಿಸುವ ಯಂತ್ರದ ಗ್ಯಾರಂಟಿ ಚೀಟಿ ಸಹಿತ. ಮೊದಲ ಬಾರಿಗೆ ಬೇರೆ ಹೆಸರು ಬರೆಸಿದರೆ, ಮನೆಯಲ್ಲಿ ಯಾರೂ ಆಡದ ಮಾತನ್ನು ಕಾಗದದ ಮೇಲೆ ಆಡಿದ ಹಾಗಾಗುತ್ತಿತ್ತು. ಕೌಂಟರಿಗೆ ಹೋದಾಗ ಮೆಲ್ಲಗೆ ಬದಲಾಯಿಸಿದರಾಯಿತು, ಆರ್ಲೋ ಅವರನ್ನು ಅಷ್ಟು ಹೊತ್ತು ಕಾಫಿಗೆ ಕಳಿಸಿದರಾಯಿತು ಎಂದುಕೊಂಡಿದ್ದರು.

ಆರ್ಲೋ ಕಾಫಿಗೆ ಹೋಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ಕೊಡುವ ಕೌಂಟರಿನ ಮುಂದೆ ಮೊದಲಿಗರಾಗಿ ನಿಂತರು. ಒಳಗೆ ಟೈ ಕಟ್ಟಿದ ನಡುವಯಸ್ಸಿನವನೊಬ್ಬ ಇದ್ದ. ಒಳ್ಳೆಯ ಮನುಷ್ಯ, ಅದೇ ಕಷ್ಟವಾದದ್ದು.

"ಮಿಸ್ಟರ್ ಪಿಕಾರ್ಡ್? ಅರಿಜೋನಾಕ್ಕಾ? ಭಾಗ್ಯವಂತರು ಸರ್. ಲೈಸೆನ್ಸ್ ಮತ್ತು ಕಾರ್ಡು ಕೊಡ್ತೀರಾ?"

ನಡೀನ್ ಮುಂದೆ ನುಗ್ಗಿ, "ಒಂದು ಸಣ್ಣ ಬದಲಾವಣೆ ಇತ್ತು..." ಎನ್ನುವಷ್ಟರಲ್ಲಿ ಆರ್ಲೋ ಪರ್ಸಿನಿಂದ ಎರಡೂ ತೆಗೆದು ಕೌಂಟರಿನ ಮೇಲೆ ಇಟ್ಟಿದ್ದರು.

"ಸರ್, ಇದು ಗುರುತಿನ ಚೀಟಿ. ಲೈಸೆನ್ಸ್ ಬೇಕಾಗಿತ್ತು."

"ಅದೇ ಇರೋದು."

ಹಿಂದೆ ಸರದಿಯಲ್ಲಿ ನಿಂತಿದ್ದ ಕುಟುಂಬವೊಂದು ನಮ್ಮ ಕಡೆ ತಿರುಗಿತು. ಆ ಮನುಷ್ಯ ಪಾಪ, ದನಿ ತಗ್ಗಿಸಿದ. "ತೊಂದರೆ ಇಲ್ಲ ಸರ್. ಇವರು ನಿಮ್ಮ ಜೊತೆಯವರಲ್ವಾ? ಇವರ ಹೆಸರಿಗೆ ಮಾಡಿಬಿಡೋಣ."

ನಾನು ನನ್ನ ಲೈಸೆನ್ಸ್, ಕಾರ್ಡು ಕೊಟ್ಟೆ. ಹತ್ತು ನಿಮಿಷದಲ್ಲಿ ಎಲ್ಲ ಆಯಿತು. ಚಾಲಕ: ನಾನು. ಬೇರೆ ಚಾಲಕರು: ಯಾರೂ ಇಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆತ ನಿಯಮದ ಪ್ರಕಾರ ಒಂದು ಸಾಲು ಓದಿ ಹೇಳಬೇಕಿತ್ತು, ಹೇಳಿದ: "ದಾರಿಯಲ್ಲಿ ಇನ್ಯಾರೂ, ಸ್ವಲ್ಪ ದೂರಕ್ಕೂ, ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ."

ಆಗ ನಾನು ಬಾಯಿ ಬಿಟ್ಟೆ. ಇಪ್ಪತ್ತು ವರ್ಷ ಒಂದೇ ಮಾತು ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಮೆದುಳನ್ನು ಕೇಳದೆ ಅದೇ ಹೊರಡುತ್ತದೆ. "ಹೌದು ಮಿಸ್ಟರ್ ಪಿಕಾರ್ಡ್. ನೀವು ಮುಟ್ಟಿದ್ರೆ ವಿಮೆ ಪೂರ್ತಿ ರದ್ದಾಗುತ್ತೆ" ಎಂದೆ.

ಜೀವಮಾನದಲ್ಲಿ ಯಾರೂ ಕೇಳದಿದ್ದ ನನ್ನ ವಿಮೆಯ ಉಪದೇಶವನ್ನು ಅವತ್ತು ಎಲ್ಲರೂ ಗಮನವಿಟ್ಟು ಕೇಳಿದರು.

ಹೊರಗೆ ಬಿಳಿ ಕಾರು ನಿಂತಿತ್ತು. ಆರ್ಲೋ ಅದರ ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಸುತ್ತು ಹಾಕಿ, ಚಾಲಕನ ಬಾಗಿಲು ತೆರೆದು ಒಳಗೆ ಕೂತರು. ಕನ್ನಡಿ ಸರಿಮಾಡಿಕೊಂಡರು. ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಮುಂದೆ ನೋಡುತ್ತ ಕೂತರು. ಮುಂದೆ ಇದ್ದದ್ದು ಒಂದು ತಂತಿ ಬೇಲಿ; ಅದು ಅವರಿಗೆ ಕಂಡಿತೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಸೂಟ್‌ಕೇಸುಗಳನ್ನು ಡಿಕ್ಕಿಗೆ ತುಂಬಿದೆ. ಹೊರಗೆ ತೆಗೆದು, ಮತ್ತೆ ಚೆನ್ನಾಗಿ ಜೋಡಿಸಿದೆ. ಮೂರನೇ ಸಲ ಜೋಡಿಸಲು ಕಾರಣ ಸಿಗಲಿಲ್ಲ.

"ಮಿಸ್ಟರ್ ಪಿಕಾರ್ಡ್, ಆ ಕಡೆ ಸೀಟು ಹಿಂದಕ್ಕೆ ಮಲಗುತ್ತೆ. ಆರಾಮ."

"ಡೇಲ್, ನೀನು ಏಳನೇ ಕ್ಲಾಸಲ್ಲಿ ನನ್ನ ಬಸ್ಸಲ್ಲಿ ವಾಂತಿ ಮಾಡ್ಕೊಂಡೆ. ನೆನಪಿದೆಯಾ?"

"ಇದೆ."

"ತೊಳೆದದ್ದು ಯಾರು?"

"ನೀವು."

"ಒಂದು ಮಾತು ಅಂದೆನಾ?"

"ಇಲ್ಲ."

"ನಿನ್ನ ಪಕ್ಕ ಕೂತ್ಕೊಂಡು ಸಾವಿರದೇಳ್ನೂರು ಮೈಲಿ ಹೋಗ್ಬೇಕಾ ನಾನು? ಹಿಂದಿನ ಸೀಟಲ್ಲಿ ಕೂತಿದ್ದ ಹುಡುಗ ನೀನು."

ನಡೀನ್ ಕಾರಿನ ಇನ್ನೊಂದು ಬದಿಯಲ್ಲಿ ಕೈಚೀಲ ಎದೆಗೊತ್ತಿಕೊಂಡು ನಿಂತಿದ್ದರು. "ಆರ್ಲೋ, ಬಾ. ಈ ಕಡೆ ಬಾ. ಕಣಿವೆ ನೋಡೋದು ಮುಖ್ಯ ಅಲ್ವಾ?"

"ಇಲ್ಲಿಂದ ಅರ್ಧ ಮೈಲಿ ನಾನು ಓಡಿಸ್ತೀನಿ ಕಣೇ. ಆಮೇಲೆ ಅವನಿಗೆ ಕೊಡ್ತೀನಿ. ಅಷ್ಟೇ."

ನಡೀನ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅರ್ಧ ಮೈಲಿ ಆಚೆ ಶಾಲೆಯಿತ್ತು. ಇನ್ನೇನು ಬಿಡುವ ಹೊತ್ತು. ಮೂವರಿಗೂ ಗೊತ್ತಿತ್ತು, ಬಸ್ಸು ಓಡಿಸಿದ ಆರ್ಲೋ ಅವರಿಗೆ ಎಲ್ಲರಿಗಿಂತ ಚೆನ್ನಾಗಿ.

"ಇಳಿ ಆರ್ಲೋ" ಎಂದರು ನಡೀನ್.

ಅವರು ಇಳಿದರು. ಇಳಿದವರು ಕಾರನ್ನು ಬಳಸಿ ಆಚೆ ಬದಿಗೆ ಹೋಗಲಿಲ್ಲ. ನೇರ ನಡೆದು, ಎರಡು ಸಲ ಬೇರೆಯವರ ಕಾರಿನ ಹಿಡಿ ಎಳೆದು ನೋಡಿ, ಮೂರನೆಯದಾಗಿ ನನ್ನ ಹಳೇ ಕಾರನ್ನು ಪತ್ತೆಮಾಡಿ ಅದರ ಹಿಂದಿನ ಸೀಟಿನಲ್ಲಿ ಕೂತರು. "ಮನೆಗೆ ಬಿಡು" ಎಂದರು.

ಟೈ ಕಟ್ಟಿದವನು ಫಾರಂ ಹಿಡಿದುಕೊಂಡು ಬಿಳಿ ಕಾರಿನ ಸುತ್ತ ಬಂದು, ಗೀರು ಬಿದ್ದಿದೆಯೇ, ಪೆಟ್ರೋಲು ತುಂಬಿದೆಯೇ ಎಂದು ಪರೀಕ್ಷಿಸಿದ. ಓಡಿದ ದೂರ ಎಂಬ ಕಡೆ ಸೊನ್ನೆ ಬರೆದ.

ಹೇಗಿದ್ದರೂ ಹಿಂದಿನ ಸೀಟಿನಲ್ಲಿ ಕೂತಿದ್ದರಲ್ಲ, ಹಾಗೇ ನನ್ನ ಕಾರಿನಲ್ಲೇ ಪಶ್ಚಿಮಕ್ಕೆ ತಿರುಗಿಸಿಬಿಡಬಹುದಿತ್ತು ಎಂಬುದು ನನಗೆ ಹೊಳೆದದ್ದು ಗುರುವಾರ, ಕಚೇರಿಯಲ್ಲಿ ಸ್ಯಾಂಡ್‌ವಿಚ್ ತಿನ್ನುವಾಗ. ನನ್ನ ಯೋಚನೆಗಳು ಯಾವಾಗಲೂ ಮೂರು ದಿನ ತಡವಾಗಿ ಬರುತ್ತವೆ. ನಡೀನ್ ಅವರಿಗೆ ಹೇಳಿದೆ. "ಇಳಿದುಬಿಡ್ತಿದ್ರು ಮೊದಲನೇ ಪೆಟ್ರೋಲ್ ಬಂಕಲ್ಲೇ. ಕಾರು ಯಾರದಾದ್ರೇನು" ಎಂದು ಗೂಡಿನಿಂದ ಇನ್ನಾರಿಗೋ ಕಾನ್ಸಾಸಿನ ಹಾಳೆ ತೆಗೆದರು.

ಕಾರು ಬಿಟ್ಟು ಬಂದ ಆ ಮಧ್ಯಾಹ್ನ ಮಾತ್ರ ನಾನು ಅವರ ಮನೆಯಲ್ಲೇ ಉಳಿದೆ. ಸೂಟ್‌ಕೇಸು ಒಳಗೆ ತಂದಿಟ್ಟವನಿಗೆ, ಬರುತ್ತೇನೆ ಎಂದು ಹೇಳುವುದಕ್ಕೂ ಧೈರ್ಯ ಸಾಲಲಿಲ್ಲ. ಆರ್ಲೋ ಒರಗು ಕುರ್ಚಿಯಲ್ಲಿ ಕೂತು ರೇಡಿಯೋದಲ್ಲಿ ಬೇಸ್‌ಬಾಲ್ ಹಾಕಿಕೊಂಡರು. ನಡೀನ್ ಅಡುಗೆಮನೆಯ ಗೋಡೆಯ ಫೋನಿಗೆ ನಿಂತರು. ಸಂಜೆ ಆರರೊಳಗೆ ಹೇಳದಿದ್ದರೆ ಅವತ್ತಿನ ಕೋಣೆಯ ಬಾಡಿಗೆ ಮುರಿದುಕೊಳ್ಳುತ್ತಾರೆ. ಪೂರ್ವದಿಂದ ಶುರುಮಾಡಿ ಪಶ್ಚಿಮದ ಕಡೆಗೆ, ಒಂದೊಂದೇ ಮೋಟೆಲಿಗೆ ಫೋನು ಮಾಡಿ ಕಾದಿರಿಸಿದ್ದ ಕೋಣೆ ಬಿಡುತ್ತ ಹೋದರು. ಮಿಸೌರಿ ಬಿಟ್ಟರು. ಓಕ್ಲಹೋಮಾ ಬಿಟ್ಟರು. ಹಿಂದಿನ ಸಾಲಿನ ಕೋಣೆಯನ್ನು ಬಿಡುವಾಗಲೂ ಅಮರಿಲ್ಲೋದವನಿಗೆ, "ಆ ಐಸ್ ಮೆಷೀನು ರಿಪೇರಿ ಮಾಡಿಸ್ರೀ" ಎಂದರು. ಒಂದೂವರೆ ತಿಂಗಳಲ್ಲಿ ಕಟ್ಟಿದ್ದು ನಲವತ್ತು ನಿಮಿಷದಲ್ಲಿ ಬಿಚ್ಚಿಹೋಯಿತು.

ಕೊನೆಯದು ಕಣಿವೆಯ ಅಂಚಿನ ವಸತಿಗೃಹ. ಫೋನಿನಲ್ಲಿ ಆಚೆಯವರು ಹೇಳಿದ್ದನ್ನು ತಾವೊಮ್ಮೆ ಹೇಳಿ ಖಚಿತ ಮಾಡಿಕೊಳ್ಳುವುದು ನಡೀನ್ ಅವರ ಕಸುಬಿನ ಅಭ್ಯಾಸ. ಹಾಗಾಗಿ ಇಡೀ ಸಂಭಾಷಣೆ ಮನೆಗೆಲ್ಲ ಕೇಳುತ್ತಿತ್ತು.

"ಮೂರು ರಾತ್ರಿ ರದ್ದು. ಸರಿ. ...ಮುಂದಿನ ವರ್ಷದ ಅಕ್ಟೋಬರಿನವರೆಗೆ ಯಾವ ಕೋಣೆಯೂ ಖಾಲಿ ಇಲ್ಲ. ಸರಿ. ...ಅಕ್ಟೋಬರಿನಲ್ಲಿ ಒಂದು ಕೋಣೆ ಇದೆ, ಈಗ ಬಿಟ್ರೆ ಸಂಜೆಯೊಳಗೆ ಹೋಗಿಬಿಡುತ್ತೆ."

ಒಂದು ಕೋಣೆ ಖಾಲಿ ಇದೆ ಎಂದು ಕೇಳಿಸಿಕೊಂಡು ಬಿಟ್ಟುಕೊಟ್ಟ ಹೆಂಗಸಲ್ಲ ಅವರು. "ಹಿಡಿದಿಡಿ" ಎಂದುಬಿಟ್ಟರು. ಹೇಳಿದ ಮೇಲೆ ನನ್ನ ಕಡೆ ತಿರುಗಿ, ತಪ್ಪು ಮಾಡಿದವರ ಹಾಗೆ ನೋಡಿದರು. ಡಾಕ್ಟರು ಕೊಟ್ಟ ಗಡುವು ನನಗೂ ಗೊತ್ತಿತ್ತು.

"ಎರಡು ಥರ ಇದೆ. ಕಣಿವೆ ಕಡೆಗೆ ಕಿಟಕಿ ಇರೋದು, ಕಾರು ನಿಲ್ಲಿಸೋ ಜಾಗದ ಕಡೆಗೆ ಕಿಟಕಿ ಇರೋದು. ಯಾವುದು ಬೇಕು ಅಂತ."

ರೇಡಿಯೋದ ಸದ್ದು ತಗ್ಗಿತು. ಆಚೆ ಕೋಣೆಯಿಂದ ಆರ್ಲೋ, ಊಟಕ್ಕೆ ಏನು ಬೇಕು ಎಂದು ಕೇಳಿದವರಿಗೆ ಹೇಳುವ ದನಿಯಲ್ಲಿ, "ಕಾರು ನಿಲ್ಲಿಸೋ ಕಡೆದು ತಗೊಳೇ. ಅದು ಅಗ್ಗ ಇರುತ್ತೆ" ಎಂದರು.

ನಡೀನ್ ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ಒಂದು ಮಾತು ಸೇರಿಸಿ ಹಗುರ ಮಾಡುತ್ತಿದ್ದೆ, ಆ ಕೆಲಸ ನನಗೆ ಬರುತ್ತದೆ. ಅವರು ಬೈಯಲಿಲ್ಲ. ಅಂಗೈ ತೆಗೆದು, ಕಚೇರಿಯಲ್ಲಿ ಗಿರಾಕಿಗಳ ಜೊತೆ ಆಡುವ ದನಿಯಲ್ಲಿ, "ಕಾರು ನಿಲ್ಲಿಸುವ ಕಡೆಯದೇ ಕೊಡಿ" ಎಂದರು. "ಹೌದು. ಇಬ್ಬರು."