ತಾತನ ಎಲೆಗೆ ನಾನ್

ಗಿರಣಿಯಿಂದ ಆಗತಾನೆ ಬಂದ ಗೋಧಿ ಹಿಟ್ಟಿನ ಬೆಚ್ಚನೆ ವಾಸನೆ ಮೂಗಿಗೆ ಬಡಿದರೆ ಸಾಕು, ಚಾಮರಾಜಪೇಟೆಯ ನಮ್ಮ ಹಳೇ ಮನೆಯ ಅಡುಗೆಕೋಣೆಯಲ್ಲಿ ನಿಂತಂತಾಗುತ್ತದೆ. ಆ ಮನೆ ಈಗಿಲ್ಲ. ತೊಂಬತ್ತರ ದಶಕದಲ್ಲಿ ತಾತನಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಅನ್ನ ಕಮ್ಮಿ ಮಾಡಿ ಚಪಾತಿ ತಿನ್ನಲು ಹೇಳಿದರು. ಅಜ್ಜಿಗೆ ಅಷ್ಟೇ ಸಾಕಾಯಿತು. ಚಪಾತಿ ಅವಳ ಪಾಲಿಗೆ ಔಷಧಿಯಾಯಿತು. ಔಷಧಿ ಎಂದ ಮೇಲೆ ಹೆಚ್ಚು ಹೊಟ್ಟೆಗೆ ಹೋದಷ್ಟೂ ಒಳ್ಳೆಯದಲ್ಲವೇ! ಒಂದು ಹಿಡಿ ಅನ್ನ ಕೇಳಿದರೆ ಗದರುತ್ತಿದ್ದವಳು, ತುಪ್ಪ ಸವರಿದ ಚಪಾತಿ ಐದಾರು ಬಡಿಸಿ, ತಾತ ಸಾಕೆಂದರೆ ಮುನಿಯುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ಅಜ್ಜಿ ಇದ್ದಿರಬೇಕು.

ನಾನು ಏಳನೇ ಕ್ಲಾಸು ಪಾಸಾದಾಗ ಚಿಕ್ಕಪ್ಪ ನಮ್ಮನ್ನೆಲ್ಲ ಹೋಟೆಲಿಗೆ ಕರೆದೊಯ್ದ. ತಾತ ಮೊದಲ ಸಲ ನಾನ್ ಮುರಿದದ್ದು ಅಲ್ಲಿ. ಬೆಣ್ಣೆ ಜಿನುಗುತ್ತಿದ್ದ, ಹಲ್ಲಿಗೆ ಕೆಲಸವೇ ಕೊಡದ ಅದರ ಮೆದುತನಕ್ಕೆ ತಾತ ಸೋತೇಹೋದ. ಎರಡಾದ ಮೇಲೆ ಕೈ ಅಡ್ಡ ಹಿಡಿದರೆ, "ಇನ್ನೊಂದು ಹಾಕಿಸ್ಕೊಳ್ರೀ, ಅನ್ನ ಅಲ್ವಲ್ಲ, ಗೋಧಿ ತಾನೇ" ಎಂದು ಅಜ್ಜಿಯೇ ಮೂರನೆಯದನ್ನು ತಟ್ಟೆಗೆ ಹಾಕಿದಳು. ಆ ವಾರವೇ ತಾತ ತಲೆ ಸುತ್ತಿ ಬಚ್ಚಲಲ್ಲಿ ಬಿದ್ದ. ಸಕ್ಕರೆ ವಿಪರೀತ ಏರಿತ್ತು.

"ನಾನ್ ಅಂದ್ರೆ ಮೈದಾ ಕಣಮ್ಮಾ, ನಾರೇ ಇರಲ್ಲ," ಎಂದರು ಹೋಟೆಲಿನ ಊಟದ ವಿಷಯ ಕೇಳಿದ ಡಾಕ್ಟರು. "ಚಪಾತಿನೂ ಎರಡೇ ಸಾಕು. ಜೊತೆಗೆ ಸೊಪ್ಪು, ಕಾಳು ಜಾಸ್ತಿ ಕೊಡಿ. ಮನೇಲಿ ಎಷ್ಟು ಕೊಡ್ತಿದ್ರಿ?" ಅಜ್ಜಿಯ ಮುಖ ಸಣ್ಣಗಾಯಿತು. ಅವಳು ಬಾಯಿ ತೆರೆಯುವ ಮೊದಲೇ ತಾತ, "ಅವಳು ಎರಡೇ ಕೊಡೋದು ಡಾಕ್ಟ್ರೇ. ನಾನೇ ಡಬ್ಬಿಯಿಂದ ಕದ್ದು ತಿಂತಿದ್ದೆ" ಎಂದುಬಿಟ್ಟ. ತಾತ ಹೇಳಿದ ಸುಳ್ಳು ನಾನು ಕೇಳಿದ್ದು ಅದೊಂದೇ. ಮನೆ ಸೇರುವವರೆಗೂ ಅಜ್ಜಿ ಆಟೋದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ತನ್ನ ಕೈಯಾರೆ ಗಂಡನನ್ನು ಕೆಡವಿದೆನೆಂಬ ಸಂಕಟ ಅವಳನ್ನು ಕಡೆಗೂ ಬಿಡಲಿಲ್ಲ. ಅಂದಿನಿಂದ ಎರಡರ ಮೇಲೆ ಚೂರೂ ಬಡಿಸಲಿಲ್ಲ. ತಾತ ಇನ್ನೂ ಏಳೆಂಟು ವರ್ಷ ಬದುಕಿದ. ಆಗೀಗ ಮಕ್ಕಳಂತೆ ನಾನ್ ಕೇಳುತ್ತಿದ್ದ. ಅಜ್ಜಿ ಹುರುಳಿಕಾಳಿನ ಪಲ್ಯದ ಬಟ್ಟಲನ್ನು ಮುಂದೆ ತಳ್ಳುತ್ತಿದ್ದಳು.

ತಾತ ಹೋದ ಮೇಲೆ ಬಂದ ಮೊದಲ ಹಿರಿಯರ ಹಬ್ಬದಲ್ಲಿ, ಫೋಟೋದ ಮುಂದೆ ಬಾಳೆಲೆ ಹಾಕಿ ತಾತನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟೆವು. ಚಿಕ್ಕಪ್ಪ ಹೋಟೆಲಿನಿಂದ ನಾನ್ ಕಟ್ಟಿಸಿಕೊಂಡು ಬಂದಿದ್ದ. ಅಜ್ಜಿ ಎಲೆಯ ಮೇಲೆ ಎರಡನ್ನು ಇಟ್ಟು ಕೈ ತಡೆದಳು. ಪೊಟ್ಟಣದಲ್ಲಿ ಇನ್ನೊಂದು ಉಳಿದಿತ್ತು. ಫೋಟೋದತ್ತ ನೋಡಿ, ಅದನ್ನೂ ಇಟ್ಟು ಮೇಲೆ ಬೆಣ್ಣೆ ಸವರಿದಳು.

"ತಿನ್ನಿ," ಎಂದಳು. "ಇನ್ನೆಲ್ಲಿ ಸಕ್ಕರೆ ಏರತ್ತೆ ನಿಮಗೆ."